ಇಪ್ಪತ್ತಮೂರರ ಭರಣಿ

"ಬೇಡ ರಾದಿಮ್, ಅದನ್ನ ಕೆಳಗಿಡು!" ಎನ್ನುತ್ತ ಜ್ದೆಂಕಾ ಭರಣಿಯನ್ನು ಅವನ ಕೈಯಿಂದ ಕಿತ್ತುಕೊಳ್ಳಲು ನೋಡಿದಳು. ಅವಳ ಗಂಡ ವೆಂಡೆಲಿನ್‌ನನ್ನು ಮಣ್ಣು ಮಾಡಿ ಬಂದವರೆಲ್ಲ ಅವನದೇ ಬಿಯರ್ ಅಂಗಡಿಯಲ್ಲಿ ಕಪ್ಪು ಬಟ್ಟೆ ತೊಟ್ಟು ಸಾಲಾಗಿ ಕೂತಿದ್ದರು.

"ಅವನ ಕೈಯಿಂದಾದ ಕೊನೇ ಭರಣಿ ಕಣಮ್ಮಾ. ಒಂದೊಂದು ಚೂರಾದ್ರೂ ತಿನ್ನದೆ ಎದ್ದುಹೋಗೋಕಾಗುತ್ತಾ?" ಎಂದ ರಾದಿಮ್. ನಲವತ್ತು ವರ್ಷದಿಂದ ಬರುತ್ತಿದ್ದ ಗಿರಾಕಿ, ಹೇಳಿದ ಮಾತು ಕೇಳುವ ಜಾಯಮಾನದವನಲ್ಲ.

"ಮುಚ್ಚಳ ನೋಡು. ಇಪ್ಪತ್ತಮೂರು ಅಂತ ಬರೆದಿದ್ದಾನೆ. ಇವತ್ತಿನ್ನೂ ಹದಿನೆಂಟು."

ಭರಣಿಯಲ್ಲಿದ್ದುದು ಉತೋಪೆನೆಟ್ಸ್, ಅಂದರೆ ಈರುಳ್ಳಿ, ಒಣಮೆಣಸಿನಕಾಯಿ ತುಂಬಿ ವಿನೆಗರಿನಲ್ಲಿ ಮುಳುಗಿಸಿಡುವ ಸಾಸೇಜು. ಹದವಾಗುತ್ತದೆಂದು ಬರೆದ ತಾರೀಕಿಗೆ ಮುಂಚೆ ಭರಣಿ ಮುಟ್ಟಿದವನಿಗೆ ವೆಂಡೆಲಿನ್ ಬಿಯರನ್ನೇ ಕೊಡುತ್ತಿರಲಿಲ್ಲ. ಆದರೆ ಜ್ದೆಂಕಾಳ ಹೆದರಿಕೆಯೇ ಬೇರೆ. ಈಚೆಗೆ ಅವನಿಗೆ ಮರೆವು ಶುರುವಾಗಿತ್ತು. ಕಾಫಿಗೆ ಉಪ್ಪು ಹಾಕಿದ್ದ, ಒಲೆ ಆರಿಸದೆ ಮಲಗಿದ್ದ. ಅದನ್ನೆಲ್ಲ ಅವಳು ಗಿರಾಕಿಗಳಿಗೆ ಗೊತ್ತಾಗದಂತೆ ಮುಚ್ಚಿಟ್ಟಿದ್ದಳು. ಈ ಭರಣಿಯಲ್ಲೂ ಏನು ಎಡವಟ್ಟಾಗಿದೆಯೋ! ಮಣ್ಣು ಮಾಡಿದ ದಿನವೇ ಅವನ ಮರ್ಯಾದೆ ಹೋಗಬೇಕೆ?

*

ಮೂರು ವಾರದ ಹಿಂದೆ ಡಾಕ್ಟರು ಜ್ದೆಂಕಾಳಿಗೆ, ಹೊಟ್ಟೆಹುಣ್ಣಾಗಿದೆ, ಖಾರ ಮುಟ್ಟಬೇಡಿ ಎಂದಿದ್ದರು. ಅವಳು ತಟ್ಟೆ ಸರಿಸಿದಾಗ ವೆಂಡೆಲಿನ್ ಮುಖ ಊದಿಸಿಕೊಂಡ.

"ಖಾರ ಇಲ್ದಿರೋ ಉತೋಪೆನೆಟ್ಸಾ? ಅದನ್ನ ಮಾಡೋ ಬದಲು ಅಂಗಡಿಗೆ ಬೀಗ ಜಡೀತೀನಿ."

"ಜಡಿ! ನಿನ್ನ ಖಾರ ತಿಂದೂ ತಿಂದೂ ನನಗೆ ಈ ಗತಿ ಬಂದಿದ್ದು," ಎಂದು ರೇಗಿದ್ದಳು. ಆಮೇಲೆ ಅವರ ನಡುವೆ ಸರಿಯಾದ ಮಾತೇ ಇರಲಿಲ್ಲ.

*

ರಾದಿಮ್ ಮುಚ್ಚಳ ತೆಗೆದೇಬಿಟ್ಟ. ಒಂದು ಸಾಸೇಜು ಕಚ್ಚಿ, ಅಗಿದು, ಪಕ್ಕದವರ ಮುಖ ನೋಡಿದ.

"ಸಪ್ಪೆ..."

ನೆರೆಮನೆಯ ಹೆದ್ವಿಕಾ ಭರಣಿಯೊಳಗೆ ಇಣುಕಿದಳು. "ಅಯ್ಯೋ, ಒಂದು ಮೆಣಸಿನಕಾಯೂ ಇಲ್ಲವಲ್ಲೇ! ಪಾಪ, ಮರೆತುಬಿಟ್ಟಿದ್ದಾನೆ."

ಜ್ದೆಂಕಾ ಭರಣಿಯನ್ನು ಹತ್ತಿರಕ್ಕೆಳೆದುಕೊಂಡಳು. ಚಮಚ ಹಾಕಿ ಕೆದಕಿದಳು. ಈರುಳ್ಳಿ ಇತ್ತು, ಬೆಳ್ಳುಳ್ಳಿ ಇತ್ತು, ಪಲಾವಿನೆಲೆ ಇತ್ತು, ಎಲ್ಲ ಅಚ್ಚುಕಟ್ಟಾಗಿ ಪದರಪದರವಾಗಿ ಇತ್ತು. ಮರೆಯುವವನು ಅದೊಂದನ್ನೇ ಹೇಗೆ ಮರೆತ? ತಲೆ ಕೆಟ್ಟಿತ್ತೇ? ಇಲ್ಲಾ ಬೇಕೆಂದೇ ಬಿಟ್ಟನೇ? ಅವಳಿಗೆ ತಲೆಬುಡ ತಿಳಿಯಲಿಲ್ಲ. ಅದೂ ಇಪ್ಪತ್ತಮೂರಕ್ಕೇ ಯಾಕೆ?

ಗೋಡೆಯ ಕ್ಯಾಲೆಂಡರ್ ನೋಡಿದಳು. ಅದರಲ್ಲಿ ಪ್ರತಿ ತಾರೀಕಿನ ಕೆಳಗೂ ಒಂದೊಂದು ಹೆಸರಿರುತ್ತದೆ. ಆ ಹೆಸರಿನವರಿಗೆ ಅವತ್ತು ಹಬ್ಬ. ಇಪ್ಪತ್ತಮೂರರ ಕೆಳಗೆ 'ಜ್ದೆಂಕಾ' ಎಂದಿತ್ತು. ಮದುವೆಯಾದಾಗಿನಿಂದ ಪ್ರತಿ ವರ್ಷ ಆ ದಿನವನ್ನು ಮರೆತು ಅವಳಿಂದ ಬೈಸಿಕೊಳ್ಳುತ್ತಿದ್ದ ಗಂಡ!

"ಹೋಗ್ಲಿ ಬಿಡಮ್ಮಾ," ಎಂದ ರಾದಿಮ್. "ವಯಸ್ಸಾದ್ಮೇಲೆ ಮರೆವು ಯಾರನ್ನ ಬಿಟ್ಟಿದೆ?"

ಜ್ದೆಂಕಾ ಅವನ ತಟ್ಟೆಯಲ್ಲಿದ್ದ, ಅವನು ಕಚ್ಚಿ ಬಿಟ್ಟ ಅರ್ಧ ತುಂಡನ್ನೂ ಎತ್ತಿ ಭರಣಿಗೆ ಹಾಕಿದಳು. ಮುಚ್ಚಳ ಬಿಗಿದು ಎದೆಗವಚಿಕೊಂಡಳು.

"ಯಾರೂ ಮುಟ್ಟಬೇಡಿ," ಎಂದಳು. "ಇನ್ನೂ ಐದು ದಿನ ಇದೆ."