ತಪ್ಪಿಲ್ಲದ ಅಂಗಿ

ಮೊಸರಿನಲ್ಲಿ ಕಲ್ಲು ಹುಡುಕುವವರು ಊರಿಗೊಬ್ಬರಾದರೂ ಇರುತ್ತಾರಂತೆ. ನಮ್ಮ ಮನೆಯಲ್ಲಿ ಇಬ್ಬರಿದ್ದೇವೆ. ಒಬ್ಬರು ಅಪ್ಪ, ಕತ್ತರಿ ಹಿಡಿದೇ ಮುದುಕರಾದ ಟೈಲರ್, ಬೀದಿಯವರಿಗೆಲ್ಲ ಮಾಸ್ಟರ್. ಇನ್ನೊಬ್ಬಳು ನಾನು, ಅಂಗಿ ಫ್ಯಾಕ್ಟರಿಯಲ್ಲಿ ಚೆಕ್ಕರ್. ಹೊಲಿದು ಬಂದ ಅಂಗಿಯನ್ನು ಬೆಳಕಿಗೆ ಹಿಡಿದು, ಒಳಗು ಹೊರಗು ಮಾಡಿ ನೋಡಿ, ತಪ್ಪು ಕಂಡ ಕಡೆ ಕೆಂಪು ಸ್ಟಿಕರ್ ಅಂಟಿಸುವುದು ನನ್ನ ಕೆಲಸ. ಅಲ್ಲಿ ನನಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದಾರೆ, ಅದನ್ನು ಬೆನ್ನ ಹಿಂದೆ ಹೇಳುವಷ್ಟು ಮರ್ಯಾದೆಯೂ ಅವರಿಗಿಲ್ಲ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅನ್ನುತ್ತಾರೆ. ನಾನು ಮಾತ್ರ ಅಪ್ಪನ ನೂಲಿನಿಂದಲೇ ಬಂದವಳು.

ಇಂಥ ಅಪ್ಪನಿಗೆ ಕ್ರಿಸ್‌ಮಸ್‌ಗೆ ಏನು ಕೊಡುವುದು? ಗಡಿಯಾರ ಕೊಟ್ಟೆ, ಗೋಡೆಯಲ್ಲಿ ಒಂದಿದೆಯಲ್ಲ ಎಂದರು. ಸ್ವೆಟರ್ ಕೊಟ್ಟೆ, ಕಂಕುಳ ಹತ್ತಿರ ಹೆಣಿಗೆ ಸಡಿಲ ಎಂದು ಬಿಚ್ಚಿ ಉಂಡೆ ಮಾಡಿಟ್ಟರು. ಒಂದು ವರ್ಷ ರೇಡಿಯೋ ತಂದೆ, ಅದು ಬಹಳ ಮಾತಾಡುತ್ತದೆ ಎಂದು ಆರಿಸಿದವರು ಮತ್ತೆ ಹಾಕಲೇ ಇಲ್ಲ. ಅಮ್ಮನದು ಬೇರೆಯೇ ಬಗೆ. ಅವಳು ಯಾವುದನ್ನೂ ಬೇಡ ಅನ್ನುವುದಿಲ್ಲ. ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು, ಸುತ್ತಿದ ಬಣ್ಣದ ಕಾಗದವನ್ನೂ ಮಡಿಸಿ, ಎರಡನ್ನೂ ಪೆಟ್ಟಿಗೆಯ ತಳಕ್ಕೆ ಸೇರಿಸುತ್ತಾಳೆ. ಏನು ಬೇಕಮ್ಮ ಎಂದು ಕೇಳಿದರೆ, "ನನಗೇನೂ ಬೇಡ, ನೀನು ಬಂದ್ರೆ ಸಾಕು" ಅನ್ನುತ್ತಾಳೆ. ಆ ಮಾತು ಕೇಳಿದಾಗಲೆಲ್ಲ ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನಿಸುತ್ತದೆ.

ಹೀಗಿರುವಾಗ ಒಂದು ಕ್ರಿಸ್‌ಮಸ್‌ಗೆ ಅಂಗಡಿಗೆ ಹೋಗಲು ಬಿಡುವಾಗಲಿಲ್ಲ. ಫ್ಯಾಕ್ಟರಿಯ ಗೋದಾಮಿನಲ್ಲಿ ತಿರಸ್ಕರಿಸಿದ ಅಂಗಿಗಳನ್ನು ಕೆಲಸದವರಿಗೆ ಅಗ್ಗಕ್ಕೆ ಕೊಡುತ್ತಾರೆ. ಅದರಲ್ಲೇ ಒಂದನ್ನೆತ್ತಿ, ಸ್ಟಿಕರ್ ಕಿತ್ತು, ಕಾಗದ ಸುತ್ತಿ ಕೊಟ್ಟೆ. ಅಪ್ಪ ಕನ್ನಡಕವನ್ನೂ ಹಾಕದೆ ಅಂಗಿಯನ್ನು ತಿರುವಿ ಹಾಕಿ, ಕಾಲರಿನ ಮೇಲೆ ಹೆಬ್ಬೆರಳು ಓಡಿಸಿ, "ಕಳ್ಳ ಸಿಕ್ಕ" ಎಂದರು. ಎಡಗಡೆಯ ಮೂಲೆ ಬಲಗಡೆಗಿಂತ ಒಂದೆಳೆ ಉದ್ದವಿತ್ತು. ಆ ದಿನ ಪೂರ್ತಿ ಅವರು ನೆಲದ ಮೇಲೆ ನಿಲ್ಲಲಿಲ್ಲ. ಬಂದವರಿಗೆಲ್ಲ ಕಾಲರ್ ತೋರಿಸಿದ್ದೇ ತೋರಿಸಿದ್ದು. ನನಗೆ ಆಗ ಗೊತ್ತಾಯಿತು. ಅಪ್ಪನಿಗೆ ಬೇಕಾಗಿದ್ದದ್ದು ವಸ್ತುವಲ್ಲ, ತಪ್ಪು.

ಅಂದಿನಿಂದ ಅದೇ ನಮ್ಮ ಮನೆಯ ಪದ್ಧತಿಯಾಯಿತು. ವರ್ಷಕ್ಕೊಂದು ಅಂಗಿ, ಅದರೊಳಗೆ ಅಡಗಿದ ಒಂದು ತಪ್ಪು. ಕಾಫಿ ಮುಗಿಯುವುದರೊಳಗೆ ಅಪ್ಪ ಅದನ್ನು ಹಿಡಿಯಬೇಕು, ಹಿಡಿದು ಕಳ್ಳ ಸಿಕ್ಕ ಅನ್ನಬೇಕು. ಗೋದಾಮಿನವನು ವರ್ಷವಿಡೀ ಒಳ್ಳೊಳ್ಳೆಯ ಕಳ್ಳರನ್ನು ನನಗಾಗಿ ಎತ್ತಿಡುತ್ತಿದ್ದ. ಒಳಗಿನ ಪಟ್ಟಿಯಲ್ಲಿ ಒಂದು ಹೊಲಿಗೆ ತಪ್ಪಿದ್ದು, ಬೇರೆ ತಾನಿನ, ಬಣ್ಣ ಕೊಂಚವೇ ಬೇರೆಯಾದ ಬಟ್ಟೆಯಲ್ಲಿ ಕತ್ತರಿಸಿದ ತೋಳು, ಹೀಗೆ. ಒಂದೂ ಅಪ್ಪನ ಕೈಯಿಂದ ಪಾರಾಗಲಿಲ್ಲ.

ಈ ಸಲ ಫೋನಿನಲ್ಲಿ ಎಂದಿನಂತೆ ಅಮ್ಮನನ್ನು ಕೇಳಿದೆ. ಬರುವ ಉತ್ತರ ಗೊತ್ತಿದ್ದುದರಿಂದ ಕಿವಿಯನ್ನೂ ಅಷ್ಟಾಗಿ ಕೊಟ್ಟಿರಲಿಲ್ಲ.

"ನನಗೊಂದು ಬೇಕು," ಎಂದಳು ಅಮ್ಮ.

ನಾನು ಕೈಯಲ್ಲಿದ್ದ ಕೆಲಸ ಬಿಟ್ಟೆ. "ಹೇಳಮ್ಮ."

"ಅಪ್ಪನಿಗೆ ಈ ಸಲ ತಪ್ಪಿಲ್ಲದ ಅಂಗಿ ತಗೊಂಡು ಬಾ."

"ತಪ್ಪಿಲ್ಲದ್ದು ಇಟ್ಕೊಂಡು ಅವರೇನು ಮಾಡ್ತಾರೆ? ಮುಖ ಊದಿಸ್ಕೊಂಡು ಕೂರ್ತಾರೆ, ಅಷ್ಟೆ."

"ಊದಿಸ್ಕೊಳ್ಳಲಿ. ನನಗೆ ಏನು ಬೇಕು ಅಂತ ಕೇಳಿದೆ ತಾನೆ? ಇದು ಬೇಕು."

"ಯಾಕಮ್ಮ, ಅಪ್ಪ ಹೇಗಿದ್ದಾರೆ?"

"ಅವರಿಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದಾರೆ. ಹೊಲಿಗೆ ಕೆಲಸಾನೂ ಬರ್ತಾ ಇದೆ." ಅಷ್ಟು ಹೇಳಿ, ಒಲೆಯ ಮೇಲೆ ಏನೋ ಇದೆ ಎಂದು ಫೋನ್ ಇಟ್ಟುಬಿಟ್ಟಳು.

ಅವಳ ಮಾತು ನನ್ನ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಹಿಂದಿನ ಕ್ರಿಸ್‌ಮಸ್ ನೆನಪಾಯಿತು. ಆ ಸಲ ಜೇಬು ಕೊಂಚ ವಾರೆಯಾಗಿದ್ದ ಅಂಗಿ ಒಯ್ದಿದ್ದೆ. ಅಪ್ಪ ಬಹಳ ಹೊತ್ತು ತೆಗೆದುಕೊಂಡಿದ್ದರು. ಕೊನೆಗೆ ಅಮ್ಮ ಅಂಗಿ ಮಡಿಸುವವಳ ಹಾಗೆ ಬಗ್ಗಿ ಜೇಬಿನ ಮೇಲೆ ಬೆರಳಿಟ್ಟಿದ್ದಳು, ಆಮೇಲೆ ಕಳ್ಳ ಸಿಕ್ಕಿದ್ದ. ಅವತ್ತು ನನಗೇನೂ ಅನಿಸಿರಲಿಲ್ಲ. ಸಾವಿರ ಅಂಗಿಯಲ್ಲಿ ಒಂದೆಳೆ ಹಿಡಿಯುವ ಕಣ್ಣಿಗೆ ಅಮ್ಮನ ಬೆರಳು ಕಾಣಲಿಲ್ಲವೆಂದರೆ ಆ ಕಣ್ಣಿಗೆ ಬೆಂಕಿ ಬೀಳಲಿ.

ಅನುಮಾನ ಬಂದ ಹೊಲಿಗೆಯನ್ನು ಎಳೆದು ನೋಡಬೇಕು, ಅದು ನನ್ನ ಕಸುಬು. ಸುಮ್ಮನೆ ಬಿಟ್ಟರೆ ನಿದ್ದೆ ಬರುವುದಿಲ್ಲ. ತಪ್ಪಿಲ್ಲದ ಅಂಗಿ ಒಯ್ದರೆ ಅಪ್ಪ ಹೇಗಿದ್ದಾರೆಂದು ನನಗೆ ಎಂದಿಗೂ ಗೊತ್ತಾಗುವುದಿಲ್ಲ. ಅದಕ್ಕೆ ನಾನೊಂದು ಉಪಾಯ ಮಾಡಿದೆ, ಜಾಣತನದ ಉಪಾಯ ಎಂದೇ ಅಂದುಕೊಂಡೆ. ತಪ್ಪಿರಬೇಕು, ಆದರೆ ಯಾರ ಕಣ್ಣಿಗಾದರೂ ಬೀಳುವಂಥದ್ದು. ಅಪ್ಪ ಥಟ್ಟನೆ ಹಿಡಿಯುತ್ತಾರೆ, ನನ್ನನ್ನು ಬೈಯುತ್ತಾರೆ, ಅಮ್ಮ ನಿರಾಳವಾಗುತ್ತಾಳೆ, ನಾನು ನೆಮ್ಮದಿಯಾಗಿ ಕೇಕ್ ತಿನ್ನುತ್ತೇನೆ.

ಗೋದಾಮಿನವನು ಎತ್ತಿಟ್ಟಿದ್ದ ನಯವಾದ ಕಳ್ಳನನ್ನು ಬದಿಗೆ ಸರಿಸಿ, ಮೂಲೆಯ ರಾಶಿಯಿಂದ ನಾನೇ ಒಂದನ್ನೆಳೆದೆ. ತಿಳಿನೀಲಿ ಅಂಗಿ. ಯಾರೋ ಬೇರೆ ಅಳತೆಯ ತೋಳನ್ನು ಅದಕ್ಕೆ ಕೂಡಿಸಿ ಹೊಲಿದಿದ್ದರು. ಬಲತೋಳು ಎಡತೋಳಿಗಿಂತ ಎರಡು ಬೆರಳು ಉದ್ದ.

"ಇದನ್ನಾ?" ಎಂದ ಗೋದಾಮಿನವನು. "ಇದನ್ನ ಕುರುಡನೂ ಹಿಡೀತಾನೆ. ಮಾಸ್ಟರಿಗೆ ಅವಮಾನ ಮಾಡ್ಬೇಕು ಅಂತಿದ್ದೀಯ?"

"ಈ ಸಲ ಅವಮಾನವೇ ಆಗ್ಲಿ," ಎಂದೆ. ಅಮ್ಮನಿಗೆ ಅಂಗಡಿಯಿಂದ ಒಂದು ಶಾಲು ಕೊಂಡೆ. ಪೆಟ್ಟಿಗೆಯ ತಳಕ್ಕೆ ಇನ್ನೊಂದು ಶಾಲು.

ಹಬ್ಬದ ಹಿಂದಿನ ಮಧ್ಯಾಹ್ನ ಮನೆ ಸೇರಿದೆ. ಮುಂದಿನ ಕೋಣೆ ಎಂದಿನಂತೆಯೇ ಇತ್ತು: ಕಿಟಕಿಯ ಕೆಳಗೆ ಹೊಲಿಗೆಯಂತ್ರ, ಸೀಮೆಸುಣ್ಣದ ಗೆರೆಗಳು ಕೂತುಹೋದ ಉದ್ದನೆಯ ಮೇಜು, ಅದರ ತುದಿಯಲ್ಲಿ ದಾರ ಮುಗಿದ ಖಾಲಿ ಉರುಳೆಗಳನ್ನು ತೂಗುಬಿಟ್ಟ ನಮ್ಮ ಗಿಡ್ಡ ಕ್ರಿಸ್‌ಮಸ್ ಮರ. ಅಪ್ಪ ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು. ಯಂತ್ರದ ಪಕ್ಕ ಬೀದಿಯವರ ರಿಪೇರಿ ಬಟ್ಟೆಗಳ ರಾಶಿಯಿತ್ತು, ಮುಗಿದವು ಒಂದು ಕಡೆ, ಮುಗಿಯದವು ಒಂದು ಕಡೆ. ನನ್ನ ಕೈ ಸುಮ್ಮನಿರುತ್ತದೆಯೇ? ಮುಗಿದ ಒಂದು ಪ್ಯಾಂಟಿನ ಅಂಚು ತಿರುವಿ ನೋಡಿದೆ. ಅಪ್ಪನ ಕೈಹೊಲಿಗೆ ಕೊಂಚ ಬಲಕ್ಕೆ ವಾಲುತ್ತದೆ. ಯಾವ ರಾಶಿಯಲ್ಲಿಟ್ಟರೂ ನಾನು ಗುರುತಿಸಬಲ್ಲೆ. ಈ ಹೊಲಿಗೆಗಳು ವಾಲಿರಲಿಲ್ಲ. ಚಿಕ್ಕದಾಗಿ, ನೆಟ್ಟಗೆ, ಹೆದರಿಕೊಂಡು ಹಾಕಿದಂತಿದ್ದವು. ಇನ್ನೊಂದು ನೋಡಿದೆ, ಮತ್ತೊಂದು ನೋಡಿದೆ. ಎಲ್ಲವೂ ಅಮ್ಮನವೇ. ಅಪ್ಪ ನಿದ್ದೆ ಮಾಡುವ ಹೊತ್ತಿನಲ್ಲಿ ಅಮ್ಮ ಅವರ ಕೆಲಸ ಮಾಡಿ, ಅವರು ಎದ್ದಾಗ ಅವರದೇ ಎಂದು ನಂಬಿಸುತ್ತಿದ್ದಳು.

ಅಡುಗೆಮನೆಯಲ್ಲಿ ಅವಳು ನನ್ನ ಕಡೆ ತಿರುಗದೆ ಕೇಳಿದಳು. "ತಪ್ಪಿಲ್ಲದ್ದೇ ತಂದೆ ತಾನೆ?"

ಆಗಲೇ ಹೇಳಿಬಿಡಬಹುದಿತ್ತು. ಅಂಗಿಯನ್ನು ಚೀಲದ ತಳಕ್ಕೆ ತಳ್ಳಿ, ಮರೆತು ಬಂದೆ ಅನ್ನಬಹುದಿತ್ತು. ಆದರೆ ಎರಡು ಬೆರಳು ಉದ್ದವಲ್ಲವೇ ಎಂದುಕೊಂಡೆ. ಎರಡು ಬೆರಳನ್ನು ಅಪ್ಪ ಹಿಡಿಯದೆ ಇರುತ್ತಾರೆಯೇ? ಅವರು ಹಿಡಿದರೆ ಅಪ್ಪ ಇನ್ನೂ ಇದ್ದಾರೆ. ನನಗೆ ಅಷ್ಟು ಆಸೆಯಿತ್ತು.

"ಹೂಂ," ಎಂದೆ.

ಅಮ್ಮ ನನ್ನ ಕೈಯನ್ನು ಒಂದು ಕ್ಷಣ ಹಿಡಿದುಕೊಂಡು ಬಿಟ್ಟಳು. ಇಷ್ಟು ವರ್ಷ ಕೊಟ್ಟ ಯಾವ ಶಾಲಿಗೂ ಅವಳು ಹಾಗೆ ಮಾಡಿರಲಿಲ್ಲ.

ಮರುದಿನ ಬೆಳಿಗ್ಗೆ ಚರ್ಚಿನಿಂದ ಬಂದು, ಅಮ್ಮ ಕಾಫಿ ತಂದಿಟ್ಟಳು. ಅಪ್ಪ ಮೇಜಿನ ಮುಂದೆ ಕೂತು ಕಾಗದ ಬಿಚ್ಚಿದರು.

"ಈ ಸಲ ಅದರಲ್ಲಿ ಏನೂ ತಪ್ಪಿಲ್ವಂತೆ," ಎಂದಳು ಅಮ್ಮ. "ಸುಮ್ನೆ ಹಾಕ್ಕೊಳ್ಳಿ."

"ಇವಳು ತಪ್ಪಿಲ್ದೆ ತರ್ತಾಳಾ? ನನ್ನ ಮಗಳು ಕಣೇ ಅವಳು," ಎಂದು ಅಪ್ಪ ನಕ್ಕರು. ಆ ನಗು ಹಳೆಯದೇ. ನನ್ನ ಎದೆಯ ಭಾರ ಅರ್ಧ ಇಳಿಯಿತು.

ಕಾಲರ್ ನೋಡಿದರು. ಒಳಪಟ್ಟಿ ನೋಡಿದರು, ಗುಂಡಿ, ಕಾಜಾ ನೋಡಿದರು. ಆಮೇಲೆ, ಯಾವ ಟೈಲರಾದರೂ ಮಾಡುವಂತೆ, ಎರಡೂ ತೋಳುಗಳನ್ನು ಮೇಜಿನ ಮೇಲೆ ಒಂದರ ಮೇಲೊಂದು ಹಾಸಿದರು. ತುದಿಗಳು ಕೂಡಲಿಲ್ಲ. ಬಲತೋಳು ಎರಡು ಬೆರಳು ಆಚೆ ಚಾಚಿಕೊಂಡಿತ್ತು, ನನಗೂ ಕಾಣುತ್ತಿತ್ತು, ಬಾಗಿಲಲ್ಲಿ ನಿಂತವರಿಗೂ ಕಾಣುವಂತಿತ್ತು. ಅಪ್ಪ ಅದನ್ನೇ ನೋಡುತ್ತ ಕೂತರು. ಆಮೇಲೆ ಭುಜದ ಕಡೆಯಿಂದ ಬಟ್ಟೆಯನ್ನು ಮೆಲ್ಲಗೆ ಎಳೆದು, ತುದಿಗೆ ತುದಿ ಕೂಡುವ ಹಾಗೆ ಮಾಡಿ, ಸರಿಯಾಯಿತು ಎಂಬಂತೆ ಅಂಗೈಯಿಂದ ಸವರಿ, ಮತ್ತೆ ಕಾಲರಿಗೆ ಹೋದರು.

ಕಾಲರನ್ನು ಮೊದಲ ಸಲ ನೋಡುವವರಂತೆ ನೋಡಿದರು. ಒಳಪಟ್ಟಿ, ಗುಂಡಿ, ಕಾಜಾ. ಮತ್ತೆ ಕಾಲರ್. ಕಾಫಿಯ ಮೇಲೆ ಕೆನೆ ಕಟ್ಟಿತು. ಅವರ ಹಣೆಯಲ್ಲಿ ಬೆವರು ಕಾಣಿಸಿತು. ಹೆಬ್ಬೆರಳು ಹೊಲಿಗೆಯ ಮೇಲೆ ಓಡುತ್ತಿರಲಿಲ್ಲ, ದಾರಿ ತಪ್ಪಿದವರು ಗೋಡೆ ಹಿಡಿದು ನಡೆಯುವ ಹಾಗೆ ತಡವರಿಸುತ್ತಿತ್ತು. ನನಗೆ ಅಲ್ಲಿಂದ ಎದ್ದು ಓಡಿಹೋಗಬೇಕು ಅನಿಸಿತು.

"ಎಲ್ಲಿಟ್ಟಿದ್ದೀಯ ಹೇಳು," ಎಂದರು ಅಪ್ಪ ಕೊನೆಗೆ. ಅವರು ಹೀಗೆ ಎಂದೂ ಕೇಳಿದವರಲ್ಲ. ಆ ದನಿ ಬೇಡುತ್ತಿತ್ತು. ಯಾರ ಮುಂದೆಯೂ ಕೈಯೊಡ್ಡದ ಮನುಷ್ಯ.

"ಇಲ್ಲಪ್ಪ. ಈ ಸಲ ನಿಜವಾಗ್ಲೂ ಏನೂ ಇಲ್ಲ."

"ಇಲ್ವಾ?"

"ಇಲ್ಲ."

ಅವರ ಮುಖ ಸಡಿಲವಾಯಿತು. ಅಮ್ಮನ ಮುಖವೂ. "ನಾನು ಹೇಳ್ಲಿಲ್ವಾ?" ಎನ್ನುತ್ತ ಅವಳು ಅಂಗಿಯನ್ನೆತ್ತಿ ಅಪ್ಪನಿಗೆ ತೊಡಿಸಿದಳು, ಒಂದೊಂದೇ ಗುಂಡಿ ಹಾಕಿದಳು. ಬೇಡಮ್ಮ ಎಂದು ಬಾಯಿಯವರೆಗೆ ಬಂತು. ಹಾಗೆ ಅಂದಿದ್ದರೆ ಯಾಕೆ ಬೇಡ ಎಂದೂ ಹೇಳಬೇಕಿತ್ತು.

ಅಪ್ಪ ಎದ್ದು ನಿಂತು, ಗಿರಾಕಿಗಳನ್ನು ಅಳತೆಗೆ ನಿಲ್ಲಿಸುವ ಹಾಗೆಯೇ, ಎರಡೂ ಕೈಗಳನ್ನು ಮುಂದಕ್ಕೆ ಚಾಚಿದರು. ಎಡತೋಳು ಮಣಿಕಟ್ಟಿಗೆ ಸರಿಯಾಗಿ ಬಂದು ನಿಂತಿತ್ತು. ಬಲತೋಳು ಬೆರಳ ಬುಡದವರೆಗೆ ಇಳಿದಿತ್ತು.

ಅಮ್ಮ ಅದನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಜೀವಮಾನದಲ್ಲಿ ಅವಳು ನನ್ನನ್ನು ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು. ಅದನ್ನು ಕೇಳಿ ತಪ್ಪು ಮಾಡಿದೆ ಎಂಬಂತೆ ಅವಳು ತಲೆ ತಗ್ಗಿಸಿದಳು.

ಅಪ್ಪ ಕೈಗಳನ್ನು ಹಾಗೇ ಚಾಚಿಕೊಂಡು ಎಡಗಡೆ ನೋಡಿದರು, ಬಲಗಡೆ ನೋಡಿದರು. ಅಂಗಡಿ ಇದ್ದ ಕಾಲದಲ್ಲಿ ತಗಾದೆ ತೆಗೆಯುವ ಗಿರಾಕಿಗಳಿಗೆ ಅವರೊಂದು ಮಾತು ಹೇಳಿ ನಗಿಸುತ್ತಿದ್ದರು: ಬಟ್ಟೆ ಸುಳ್ಳು ಹೇಳಲ್ಲ ಸ್ವಾಮಿ, ಮೈ ಹೇಳುತ್ತೆ, ಸೊಟ್ಟಗಿರೋದು ನಿಮ್ಮ ಭುಜ. ಈಗ ಅವರ ಮುಖದಲ್ಲಿ ನಿಧಾನವಾಗಿ ಬೆಳಕು ಮೂಡಿತು. ನಾನು ವರ್ಷವಿಡೀ ಕಾಯುತ್ತಿದ್ದ ಬೆಳಕು ಅದೇ.

"ಕಳ್ಳ ಸಿಕ್ಕ," ಎಂದರು ಅಪ್ಪ. ಎಡಗೈಯಿಂದ ಬಲಗೈಯನ್ನು ತಟ್ಟಿ ತೋರಿಸಿದರು. "ಈ ಕೈ ಗಿಡ್ಡ ಆಗ್ಬಿಟ್ಟಿದೆ. ಕತ್ತರಿ ಹಿಡಿದೂ ಹಿಡಿದೂ ಸವೆದು ಹೋಗಿದೆ, ನೋಡು."

ನಾನು ಆ ಉದ್ದ ತೋಳಿನ ತುದಿಯನ್ನು ಬೆರಳಲ್ಲಿ ಹಿಡಿದುಕೊಂಡೆ.

"ಅಂಗಿಗೆ ಏನೂ ಅನ್ಬೇಡ," ಎಂದು ಅವರೇ ನನ್ನನ್ನು ಸಮಾಧಾನ ಮಾಡಿದರು. "ಹೊಲಿದವನು ಚೆನ್ನಾಗೇ ಹೊಲಿದಿದ್ದಾನೆ. ಅವನಿಗೇನು ಗೊತ್ತು ನನ್ನ ಕೈ ಹೀಗಾಗಿದೆ ಅಂತ."

ಅಮ್ಮ ಯಂತ್ರದ ಡ್ರಾಯರಿನಿಂದ ಗುಂಡುಸೂಜಿ ತಂದು, ಉದ್ದ ತೋಳನ್ನು ಒಳಕ್ಕೆ ಮಡಿಸಿ ಚುಚ್ಚತೊಡಗಿದಳು. ಅವಳ ಶಾಲು ಕಾಗದ ಬಿಚ್ಚದೆ ಮರದ ಕೆಳಗೇ ಇತ್ತು. ಅಪ್ಪ ಕೈ ಅಲ್ಲಾಡಿಸದೆ, ಒಳ್ಳೆಯ ಗಿರಾಕಿಯಂತೆ ನಿಂತಿದ್ದರು. ಮಡಿಕೆಯ ಮೇಲೆ ಅವಳ ಬೆರಳು ಚಕಚಕನೆ ಓಡುವುದನ್ನು ಸ್ವಲ್ಪ ಹೊತ್ತು ನೋಡಿ ಕೇಳಿದರು.

"ನಿನಗೆ ಹೊಲಿಯೋಕೆ ಬರುತ್ತಾ?"

ಅಮ್ಮನ ಬಾಯಲ್ಲಿ ಗುಂಡುಸೂಜಿಗಳಿದ್ದವು. ಅವನ್ನು ಒಂದೊಂದಾಗಿ ತೆಗೆದು ಅಂಗೈಯಲ್ಲಿಟ್ಟುಕೊಂಡು, "ಸ್ವಲ್ಪ ಬರುತ್ತೆ," ಎಂದಳು.