ತಾಂಡೇಲನ ಮೊದಲ ಫ್ಯಾನು

ತಿಮ್ಮ ಹರಿಕಂತ್ರ ನನ್ನ ಹತ್ತಿರ ಎರಕದ ಕೆಲಸ ಕಲಿಯಲು ಬಂದಾಗ ಅವನಿಗೆ ಐವತ್ತೆರಡು ವರ್ಷ. ತದಡಿಯ ಬೋಟೊಂದರಲ್ಲಿ ಇಪ್ಪತ್ತು ವರ್ಷ ತಾಂಡೇಲನಾಗಿದ್ದವನು. ಚುಕ್ಕಾಣಿ ಅವನ ಕೈಯಲ್ಲಿ, ಉಳಿದ ಎಂಟು ಜನರ ಜೀವವೂ ಅವನ ಕೈಯಲ್ಲಿ. ಇಲ್ಲಿಗೆ ಬರುವ ಎರಡು ವರ್ಷ ಮೊದಲು ಗಾಳಿಯಲ್ಲಿ ಎಂಜಿನ್ ಕೆಟ್ಟು ಬೋಟು ಎರಡು ದಿನ ಸುಮ್ಮನೆ ತೇಲಿತು. ಎಲ್ಲರೂ ಬದುಕಿ ಬಂದರು. ಆದರೆ ಆಮೇಲೆ ಬೋಟಿನ ಹಲಗೆಯ ಮೇಲೆ ಕಾಲಿಟ್ಟರೆ ಸಾಕು, ತಿಮ್ಮನ ಮೊಣಕಾಲು ನಡುಗುತ್ತಿತ್ತು. ಡಾಕ್ಟರಿಗೆ ತೋರಿಸಿದ, ದೇವರಿಗೆ ಹೇಳಿಕೊಂಡ. ನಡುಕ ಹೋಗಲಿಲ್ಲ.

ಕುಮಟೆಯ ನನ್ನ ಶೆಡ್ಡಿನ ಬಾಗಿಲಲ್ಲಿ ನಿಂತು, "ಆಚಾರ್ರೆ, ದಡದ ಮೇಲೆ ಮಾಡೂ ಕೆಲ್ಸ ಎಂತಾರೂ ಕಲಿಸಿ" ಅಂದ.

"ಬೆಂಕಿ ಹತ್ರ ನಿಲ್ಲೂಕಾಗ್ತದಾ?"

"ನೀರಿಗಿಂತ ಬೆಂಕಿ ಅಡ್ಡಿಲ್ಲ. ಅದು ಇದ್ದಲ್ಲೇ ಇರ್ತದೆ."

ನನಗೆ ಈಗ ಎಪ್ಪತ್ತಮೂರು. ಮೂರನೇ ಇಯತ್ತೆಗೆ ಶಾಲೆ ಬಿಟ್ಟು ಅಪ್ಪನ ಕುಲುಮೆಗೆ ಬಂದವನು. ಆಗ ದೇವಸ್ಥಾನದ ಗಂಟೆ, ದೀಪ, ಚೆಂಬು ಎಲ್ಲ ಎರೆಯುತ್ತಿದ್ದೆವು. ಈಗ ಅದೆಲ್ಲ ಅಂಗಡಿಯಲ್ಲಿ ಸಿಗುತ್ತದೆ. ಉಳಿದಿರುವುದು ಬೋಟಿನ ಫ್ಯಾನು ಮಾತ್ರ. ನೀರಿನಡಿಯಲ್ಲಿ ತಿರುಗಿ ಬೋಟನ್ನು ಮುಂದಕ್ಕೆ ದೂಡುವ ಮೂರು ಎಲೆಯ ಕಂಚಿನ ಚಕ್ರಕ್ಕೆ ಇಲ್ಲಿ ಹಾಗೆನ್ನುತ್ತಾರೆ. ಕಂಚು ಕರಗಿದ ಮೂಸೆಯನ್ನು ಎತ್ತುವಾಗ ನನ್ನ ಸೊಂಟ ಹಿಡಿಯುತ್ತದೆ. ಮನೆಗೆ ಹೋಗಿ ಕಣ್ಣು ಮುಚ್ಚಿದರೂ ಕಿಡಿಗಳು ಕಾಣುತ್ತವೆ. ಯಾರಾದರೂ ಬಂದು ಇದನ್ನು ನನ್ನ ಕೈಯಿಂದ ತೆಗೆದುಕೊಂಡರೆ ಸಾಕಾಗಿತ್ತು.

ತಿಮ್ಮ ಹತ್ತು ತಿಂಗಳು ಕಲಿತ. ಮರಳು ಜರಡಿ ಹಿಡಿಯುವುದು, ಹುತ್ತದ ಮಣ್ಣು ಬೆರೆಸುವುದು, ಮರದ ಮಾದರಿಯನ್ನು ಪೆಟ್ಟಿಗೆಯಲ್ಲಿಟ್ಟು ಸುತ್ತ ಮರಳು ಗಿಡಿದು ತುಂಬುವುದು, ಅಂಚು ಮುರಿಯದಂತೆ ಮಾದರಿ ತೆಗೆಯುವುದು. ಬಲೆ ಹೆಣೆದ ಕೈ, ಅವಸರ ಇರಲಿಲ್ಲ. ಜುಲೈ ತಿಂಗಳಲ್ಲಿ, ಮೀನುಗಾರಿಕೆಗೆ ರಜೆ ಇರುವಾಗ, ಸಂಜಯ ಒಂದು ಮುರಿದ ಫ್ಯಾನು ತಂದು ಹಾಕಿದ. ಸಂಜಯನೆಂದರೆ ತಿಮ್ಮ ನಡೆಸುತ್ತಿದ್ದ ಆ ಬೋಟಿನ ಮಾಲೀಕ.

"ಇದನ್ನೇ ಕರಗ್ಸಿ ಹೊಸ್ತು ಮಾಡ್ಕೊಡಿ ಅಜ್ಜ. ಆಗಸ್ಟ್ ಒಂದಕ್ಕೆ ಬೋಟು ಇಳಿಬೇಕು. ಮೊದಲ ದಿನದ ಸಿಗಡಿ ಬಿಟ್ರೆ ಈ ವರ್ಷ ಮುಗೀತು."

"ತಿಮ್ಮ ಮಾಡ್ತ" ಎಂದೆ.

ಸಂಜಯ ನಕ್ಕ. "ತಿಮ್ಮಣ್ಣ, ಹಲಗೆ ಮೇಲೆ ಕಾಲು ನಡುಗ್ತದೆ, ಇಕ್ಕಳ ಹಿಡ್ದ ಕೈ ನಡುಗೂದಿಲ್ಲಾ?"

"ನಡುಗಿದ್ರೆ ನಿನ್ನ ಹೆಗಲ ಮೇಲೆ ಕೈ ಇಡ್ತೆ, ಬಾ" ಎಂದ ತಿಮ್ಮ.

ಸಂಜಯ ಹೋದ ಮೇಲೆ ನಾನು ತಿಮ್ಮನಿಗೆ ಸ್ಪಷ್ಟವಾಗಿ ಹೇಳಿದೆ. "ಈ ಫ್ಯಾನು ನೀನೊಬ್ಬನೇ ಮಾಡೂದು. ಸರಿಯಾಗಿ ಬಂದ್ರೆ ಕುಲುಮೆ ನಿಂಗೆ. ಬರದಿದ್ರೆ ನಾ ಶೆಡ್ಡು ಮುಚ್ತೆ. ನನ್ನ ಹತ್ರ ಇನ್ನು ಆಗೂದಿಲ್ಲ ಮಾರಾಯ."

ಅವನು ಟೊಪ್ಪಿ ತೆಗೆದು ತಲೆ ಕೆರೆದುಕೊಂಡ.

ಅಚ್ಚಿನ ಮರಳು ಗಟ್ಟಿಯಾಗಲು ನಾವು ಅಂಟುಪಾಕದಂಥ ಜೋನಿಬೆಲ್ಲದ ನೀರು ಕಲಸುತ್ತೇವೆ. ಆಮೇಲೆ ತೆಂಗಿನ ಕರಟದ ಕೆಂಡದಲ್ಲಿ ಎರಡು ದಿನ ಒಣಗಿಸಬೇಕು. ಮಳೆಗಾಲದಲ್ಲಿ ಮೂರು ದಿನ. ಹಸಿ ಉಳಿದರೆ ಕಾದ ಕಂಚು ಬಿದ್ದಾಗ ಒಳಗೆ ಆವಿ ಎದ್ದು ಲೋಹದಲ್ಲಿ ತೂತು ಮಾಡುತ್ತದೆ. ಎರೆಯುವ ಮೊದಲು ಅಚ್ಚಿನ ಮೂಲೆಯಿಂದ ಒಂದು ಚಿಟಿಕೆ ಮರಳು ನಾಲಿಗೆಗೆ ಇಟ್ಟು ನೋಡುವುದು ನಮ್ಮ ಮನೆಯ ಪದ್ಧತಿ. ಹಸಿ, ಉಪ್ಪು, ಸುಟ್ಟ ವಾಸನೆ ಎಲ್ಲ ನಾಲಿಗೆಗೆ ಗೊತ್ತಾಗುತ್ತದೆ. ತಿಮ್ಮ ಎರೆಯುವ ದಿನ ನನಗೆ ಸೊಂಟ ಬಗ್ಗುತ್ತಿರಲಿಲ್ಲ. ಬೆಂಚಿನ ಮೇಲೆ ಕೂತಲ್ಲಿಂದಲೇ ಕೇಳಿದೆ.

"ಒಣಗ್ತಾ?"

"ಒಣಗ್ತು."

"ಆತು. ಹಾಗಾದ್ರೆ ಎರಿ."

ಒಬ್ಬನಿಂದ ಮೂಸೆ ಏಳುವುದಿಲ್ಲ, ಸೊಂಟ ನೆಟ್ಟಗಿಟ್ಟುಕೊಂಡೇ ಒಂದು ಕಡೆ ನಾನು ಹಿಡಿದೆ, ಇನ್ನೊಂದು ಕಡೆ ಅವನು. ಬಗ್ಗಿಸಿದ್ದೆಲ್ಲ ಅವನೇ. ಧಾರೆ ತುಂಡಾಗಲಿಲ್ಲ, ಒಂದೇ ದಪ್ಪಕ್ಕೆ ಇಳಿಯಿತು. ಕೈ ನಡುಗಲೇ ಇಲ್ಲ. ಆದರೆ ಅಚ್ಚು ತುಂಬುತ್ತ ಬಂದಾಗ ಒಳಗೆ ಗುಳುಗುಳು ಎಂದು ಕೇಳಿಸಿತು, ಗಂಜಿ ಕುದಿದ ಹಾಗೆ. ತಿಮ್ಮನಿಗೆ ಬ್ಲೋವರಿನ ಸದ್ದಿನಲ್ಲಿ ಕೇಳಿಸಲಿಲ್ಲವೋ ಏನೋ, ಮುಖವೆಲ್ಲ ಅರಳಿತ್ತು. ತಣಿಯಲಿ, ನೋಡುವ ಎಂದುಕೊಂಡೆ.

ಮರುದಿನ ಅಚ್ಚು ಒಡೆದು ತೆಗೆದ ಫ್ಯಾನು ನೋಡಲು ಚೆಂದವಿತ್ತು. ಅದನ್ನು ಹಗ್ಗದಲ್ಲಿ ತೂಗುಹಾಕಿ ಸುತ್ತಿಗೆಯಿಂದ ಒಂದೊಂದು ಎಲೆಗೂ ಮೆಲ್ಲಗೆ ಬಡಿದೆ. ಎರಡು ಎಲೆ ಗಂಟೆಯ ಹಾಗೆ ಉಲಿದವು. ಮೂರನೆಯದು ಹಲಗೆ ಬಡಿದಂತೆ ಅಂದಿತು. ಅದರ ಬುಡವನ್ನು ಅರದಿಂದ ಉಜ್ಜಿದೆ. ಕಾವಲಿಯ ಮೇಲಿನ ದೋಸೆಯಂತೆ ತೂತುಗಳು ಕಂಡವು.

"ಮರಳಿಗೆ ಎಂತ ಹಾಕಿದ್ದೆ?"

"ನೀವ್ ಹೇಳಿದ್ದೇ. ಜೋನಿಬೆಲ್ಲ, ನೀರು."

"ಎಲ್ಲಿನ ನೀರು?"

"ತದಡಿಯಿಂದ ಒಂದು ಕ್ಯಾನು ತಂದಿದ್ದೆ, ಆಚಾರ್ರೆ. ಹೊಸ ಬಲೆಗೂ ಮೊದ್ಲು ಸಮುದ್ರದ ನೀರೇ ತಾಗಿಸೂದು ನಾವು. ಫ್ಯಾನು ಅಲ್ಲೇ ಬಾಳ್ವೆ ಮಾಡ್ಬೇಕು ಅಲ್ದಾ..."

ಉಪ್ಪು ಬಿದ್ದ ಮರಳು ಎಷ್ಟು ಒಣಗಿಸಿದರೂ ಮಳೆಗಾಲದ ಗಾಳಿಯಿಂದ ಪಸೆ ಎಳೆದುಕೊಳ್ಳುತ್ತದೆ. ಅಷ್ಟೇ ಆದದ್ದು. ಅರವತ್ತು ವರ್ಷದಲ್ಲಿ ಇಂಥ ತಪ್ಪು ಯಾರೂ ಮಾಡಿದ್ದನ್ನು ನಾನು ನೋಡಿರಲಿಲ್ಲ. ಒಂದು ಚಿಟಿಕೆ ಬಾಯಿಗೆ ಹಾಕಿದ್ದರೆ ನನಗೆ ಆಗಲೇ ತಿಳಿಯುತ್ತಿತ್ತು.

ಅಷ್ಟರಲ್ಲಿ ಸಂಜಯನ ಬೈಕು ಬಂತು. ಅಂದು ಜುಲೈ ಮೂವತ್ತು. ಫ್ಯಾನು ಕಂಡವನೇ, "ಅರೆ, ಚಲೋ ಆಯ್ದಲ್ಲ!" ಎಂದ. ತೂತು ತೋರಿಸಿದೆ.

"ಇಷ್ಟೇಯಾ? ತೂತು ಮುಚ್ಚೂ ಹಾಗೆ ಲಪ್ಪ ಹಾಕಿ ಪಾಲಿಶ್ ಮಾಡಿ ಕೊಡಿ. ಐಸ್ ಹೇಳಿ ಆಯ್ತು, ಡೀಸೆಲ್ ತುಂಬಿ ಆಯ್ತು."

ಅಂಥ ಫ್ಯಾನು ಒಂದು ತಿಂಗಳು ನಡೆದರೂ ನಡೆದೀತು. ಒಂದು ದಿನಕ್ಕೇ ಹೋದರೂ ಹೋದೀತು. ಅದನ್ನು ಹೇಳಲು ಬಾಯಿ ತೆರೆದವನು ಸುಮ್ಮನಾದೆ. ಅಚ್ಚು ಕಟ್ಟಿದವನು ತಿಮ್ಮ. ಕೆಟ್ಟ ಎರಕವನ್ನು ಒಡೆಯುವುದೋ ಬಿಡುವುದೋ, ಅಚ್ಚು ಕಟ್ಟಿದವನಿಗೇ ಸೇರಿದ್ದು. ಅಪ್ಪನ ಕಾಲದಿಂದಲೂ ಹಾಗೆ. ಶೆಡ್ಡು ಮುಚ್ಚುತ್ತೇನೆ ಎಂದ ನನ್ನ ಮಾತು ಅವನಿಗೆ ನೆನಪಿದೆ ಎಂದು ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ತಿಮ್ಮ ಸಂಜಯನನ್ನು ಕೇಳಿದ. "ಬೋಟಿಗೆ ಯಾರ್ಯಾರು ಹೋಗ್ತ್ರು?"

"ಅದೇ ನಿನ್ನ ಜನ. ಕಾಳಿ ತಾಂಡೇಲ ಈಗ."

"ನೇತ್ರಾಣಿ ದ್ವೀಪದ ಆಚೆ ಫ್ಯಾನಿನ ಎಲೆ ಹಾರಿದ್ರೆ ಕಾಳಿ ಎಂತ ಮಾಡ್ತ?"

"ಎಂತ ಹಾರ್ತದೆ ತಿಮ್ಮಣ್ಣ? ಅಪಶಕುನ ಮಾತಾಡ್ಬೇಡ."

"ನಾ ತೇಲಿದ್ದೆ. ನೀ ತೇಲಿಲ್ಲ."

ತಿಮ್ಮ ಹಗ್ಗ ಬಿಚ್ಚಿ ಫ್ಯಾನನ್ನು ಕಲ್ಲಿನ ಮೇಲಿಟ್ಟ. ಮೂಲೆಯಲ್ಲಿದ್ದ ದೊಡ್ಡ ಸುತ್ತಿಗೆ ತಂದ. ಮೂರನೇ ಪೆಟ್ಟಿಗೆ ಎಲೆ ಬುಡದಲ್ಲೇ ಕಳಚಿ ಬಿತ್ತು. ಒಳಗೆಲ್ಲ ಜೇನುಗೂಡು. ಸಂಜಯ ಅದನ್ನು ಎತ್ತಿಕೊಂಡು ನೋಡಿದ, ತಿರುಗಿಸಿ ನೋಡಿದ, ಕೆಳಗಿಟ್ಟ.

"ಭಟ್ಕಳದಲ್ಲಿ ಯಾರ ಹತ್ರನೋ ಹಳೇದು ಅದೆಯಂತೆ. ನೋಡ್ತೆ" ಎಂದು ಬೈಕು ಹತ್ತಿದ. ಮತ್ತೆ ಬರುತ್ತೇನೆ ಎನ್ನಲಿಲ್ಲ.

ಮಳೆ ಹೊಯ್ಯುತ್ತಿತ್ತು. ತಿಮ್ಮ ತುಂಡುಗಳನ್ನು ಆರಿಸಿ ಬುಟ್ಟಿಗೆ ಹಾಕಿದ. ಉಪ್ಪಿನ ಮರಳನ್ನೆಲ್ಲ ಗುಡಿಸಿ ಹೊರಗೆ ಚೆಲ್ಲಿ ಬಂದ. ಆಮೇಲೆ ನನ್ನ ಎದುರು ನಿಂತ.

"ಶೆಡ್ಡು ಮುಚ್ಚೂದಾದ್ರೆ ಇದನ್ನೆಲ್ಲ ಎಲ್ಲಿ ಇಡೂದು, ಆಚಾರ್ರೆ?"

ನಾನು ಸೊಂಟದಿಂದ ಶೆಡ್ಡಿನ ಕೀಲಿಕೈ ಬಿಚ್ಚಿದೆ. ದಾರ ಬೆವರಿಗೆ ಗಂಟಾಗಿತ್ತು, ಬಿಚ್ಚಲು ಹೊತ್ತು ಹಿಡಿಯಿತು.

"ಕೆಟ್ಟದ್ದನ್ನ ಒಡ್ಯೂಕೆ ಬಂತಲ್ಲ ನಿಂಗೆ, ಸಾಕು. ನಾಳೆ ಬೆಳಿಗ್ಗೆ ನೀನೇ ಬಾಗಿಲು ತೆಗಿ. ಮರಳೂ ನೀರೂ ಬೇಕಾದ್ರೆ ಉಪ್ಪು ಹತ್ತದ ಹೊಳೆ ಮೇಲ್ಗಡೆಯಿಂದ ತಾ. ನಾ ಹತ್ತು ಗಂಟೆ ಮೇಲೆ ಬತ್ತೆ."

ಅವನು ಕೀಲಿಕೈ ತೆಗೆದುಕೊಳ್ಳದೆ ನನ್ನ ಮುಖ ನೋಡಿದ. "ಹುಷಾರಿಲ್ವಾ ನಿಮ್ಗೆ?"

"ಎಂತದೂ ಆಗಲಿಲ್ಲ. ನಿದ್ದೆ ಮಾಡ್ಬೇಕು, ಅಷ್ಟೇ."