ಅತೀಕ್ ಹೋಮ್‌ಬ್ರೂ ಕಿತ್ತ ದಿನ

ಅಲ್ಲ, ಈ ಅತೀಕ್‌ಗೆ ಯಾವುದನ್ನಾದರೂ ಅರ್ಧಕ್ಕೆ ಬಿಡೋದು ಗೊತ್ತಿದ್ದರೆ ತಾನೇ! ದಾವಣಗೆರೆಯ ಶಾಮನೂರಿನ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ನುಜತ್‌ಗೆ ಹರಿಹರದಿಂದ ತಮ್ಮನ ಮೆಸೇಜು ಬಂತು: “ಆಪಾ, ನಿನ್ನ ಹಳೇ ಕಂಪ್ಯೂಟರಾಗೆ ಜಾಗನೇ ಇಲ್ಲ. ನೀನು ಕಾಲೇಜಾಗೆ ಹಾಕಿದ್ದ ಆ ಹೋಮ್‌ಬ್ರೂ ತೆಗೆದೆ. ಒಂದು ಫೋಲ್ಡರ್ ಮಾತ್ರ ಹಟ ಹಿಡಿದು ಕೂತೈತೆ. ಅದನ್ನೂ ಬೇರು ಸಮೇತ ಕೀಳ್ತೀನಿ.”

ನುಜತ್ ಹಿಟ್ಟಿನ ಕೈಯಲ್ಲೇ ಅವನಿಗೆ ಫೋನ್ ಹಚ್ಚಿದಳು. ಹೋಮ್‌ಬ್ರೂ ಹೋದರೆ ಹೋಗಲಿ. ಕಪ್ಪು ಪರದೆಯ ಮೇಲೆ ಟೈಪ್ ಮಾಡಿ ಸಾಫ್ಟ್‌ವೇರ್ ತರಿಸಿಕೊಳ್ಳೋ ಆ ಸಾಮಾನು ಈಗ ಯಾರಿಗೆ ಬೇಕು? ಅದು ಹೋಗುವಾಗ ತನ್ನದಲ್ಲದ್ದನ್ನು ಮುಟ್ಟದೆ ಬಿಟ್ಟು ಹೋಗಿತ್ತು, ಪಾಪ. ಹಾಗೆ ಉಳಿದ ಫೋಲ್ಡರಿನಲ್ಲಿ ಅಮ್ಮಿಯ ದನಿ ಇತ್ತು.

ಗಂಟಲ ಆಪರೇಷನ್ನಿಗೆ ಮುಂಚೆ ಅಮ್ಮಿ ಸುಗ್ರಾಬಿಯ ಮಾತನ್ನು ನುಜತ್ ರೆಕಾರ್ಡ್ ಮಾಡಿದ್ದಳು. ಆಮೇಲೆ ದನಿ ಹೋಯಿತು, ವಾಪಸ್ ಬರಲಿಲ್ಲ. ಅಮ್ಮಿ ಮನೆಯವರನ್ನು ಚಪ್ಪಾಳೆಯಲ್ಲೇ ಕರೆಯತೊಡಗಿದಳು: ಒಂದು ತಟ್ಟಿದರೆ ಅಬ್ಬಾ, ಎರಡಾದರೆ ಅತೀಕ್, ಮೂರಾದರೆ ನುಜತ್. ಒಮ್ಮೆ ಆ ರೆಕಾರ್ಡಿಂಗ್ ಹಾಕಿದಾಗ ಮುಖಕ್ಕೆ ಸೆರಗು ಮುಚ್ಚಿಕೊಂಡು ಎದ್ದು ಹೋದಾಕೆ ಊಟಕ್ಕೂ ಬರಲಿಲ್ಲ. “ಅಳಿಸಿ ಹಾಕು, ನನ್ನ ಮನ್ಯಾಗ ಅದು ಬ್ಯಾಡ” ಅಂದರು ಅಬ್ಬಾ ಹಯಾತ್ ಸಾಬ್. ನುಜತ್ ಅವರ ಕಣ್ಣೆದುರೇ ಫೋನಿನಿಂದ ಅಳಿಸಿದಳು. ಒಂದು ಕಾಪಿಯನ್ನು ಮಾತ್ರ, ಜೋಳದ ಡಬ್ಬಿಯಲ್ಲಿ ಬಂಗಾರ ಹುದುಗಿಸೋ ಹಾಗೆ, ಯಾರೂ ಇಣುಕದ ಹೋಮ್‌ಬ್ರೂ ಫೋಲ್ಡರಿನೊಳಗೆ ತುರುಕಿದ್ದಳು. ಮದುವೆಯಾದ ಮೇಲೆ ನಾಳೆ ತಗೊಂಡರಾಯ್ತು, ನಾಡಿದ್ದು ತಗೊಂಡರಾಯ್ತು ಅಂತ ತಳ್ಳುತ್ತಲೇ ಬಂದಳು.

ಅತೀಕ್ ಫೋನ್ ಎತ್ತಲಿಲ್ಲ. ಮನೆ ಮುಂದಿನ ಅವನ ಅಂಗಡಿಯಲ್ಲಿ, ಆ ಕಂಪ್ಯೂಟರಿನ ಪಕ್ಕದಲ್ಲೇ, ಸ್ಟಿಕ್ಕರ್ ಕತ್ತರಿಸೋ ಮಷೀನು ಶುರುವಾದರೆ ಅವನಿಗೆ ಲೋಕವೇ ಕೇಳಿಸೋದಿಲ್ಲ. ಸ್ಕೂಟಿ ಹತ್ತಿ ಹೋದರೆ ನಡುದಾರಿಯ ಬಾತಿ ಊರು ದಾಟೋದರೊಳಗೆ ಎಲ್ಲಾ ಮುಗಿದಿರುತ್ತೆ. ಉಳಿದಿದ್ದು ಅಬ್ಬಾನ ನಂಬರು. ಹೇಳಿದರೆ ಅವರ ಮಾತು ಮೀರಿದ್ದು ಬಯಲಾಗುತ್ತೆ. ಹೇಳದಿದ್ದರೆ ಅಮ್ಮಿಯ ದನಿ ಹೋಗುತ್ತೆ. ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು.

“ಅಬ್ಬಾ, ಅಂಗಡಿಗೆ ಓಡ್ರಿ, ಅತೀಕ್‌ನ ಕೈ ಹಿಡೀರಿ!”

“ಯಾಕ? ಏನಾತು?”

“ಆ ಕಂಪ್ಯೂಟರಾಗೆ ಅಮ್ಮಿ ದನಿ ಐತೆ. ನಾನು ಅಳಿಸಿರಲಿಲ್ಲ.”

ಅಬ್ಬಾ ಬೈದರೆ ಬೈಯಲಿ, ಯಾ ಅಲ್ಲಾ, ಮೊದಲು ಎದ್ದು ಹೋಗಲಿ! ಕೊನೆಗೂ ಚಪ್ಪಲಿ ಸದ್ದು ಕೇಳಿಸಿತು, ಹಿಂದೆಯೇ ಮಷೀನಿನ ಗರಗರ. “ಏ ಅತೀಕ್, ಕೈ ತೆಗಿ! ತೆಗಿ ಅಂದ್ನಲ್ಲ!”

ಮಷೀನು ನಿಂತಿತು. “ಎಂಟರ್ ಹೊಡೆಯೋದೊಂದೇ ಬಾಕಿ ಇತ್ತು, ಆಪಾ.” ಅತೀಕ್‌ನ ಮಾತು ತಡವರಿಸುತ್ತಿತ್ತು. “ತೆರೆದು ನೋಡ್ಲಾ?”

ಬ್ಯಾಡ ಅನ್ನೋದರೊಳಗೆ ಒತ್ತಿಯೇಬಿಟ್ಟಿದ್ದ.

“ಲೇ ಅತೀಕ್, ಕೈ ತೊಳ್ಕೊಂಡು ಕೂಡ್ರೋ, ಹಂಗೇ ತಾಟಿಗೆ ಕೈ ಹಾಕ್ತೀಯಲ್ಲ!” ಅಮ್ಮಿಯ ತುಂಬುಗಂಟಲು ಹರಿಹರದ ಅಂಗಡಿ ದಾಟಿ ದಾವಣಗೆರೆಯ ಅಡುಗೆಮನೆಗೂ ಬಂತು.

“ಬಂದ್ ಮಾಡೋ! ನಿಮ್ಮಮ್ಮಿ ಬಾಗಿಲಾಗೆ ನಿಂತಾಳೆ,” ಅಂದರು ಅಬ್ಬಾ.

ದನಿ ನಿಂತಿತು. ನುಜತ್ ಫೋನನ್ನು ಕಿವಿಗೆ ಒತ್ತಿಕೊಂಡಳು. ಅಮ್ಮಿ ಮತ್ತೆ ಸೆರಗು ಮುಚ್ಚಿಕೊಂಡು ಹೋದಳೇನೋ. ಹಾಳಾದ್ದು, ಎಲ್ಲಾ ನನ್ನಿಂದಲೇ.

ಚಪ್ಪಾಳೆ ಕೇಳಿಸಿತು. ಇನ್ನೊಂದು. ಅತೀಕ್‌ನ ಕರೀತಿದಾಳೆ, ಈಗ ಅವನಿಗೈತೆ ಹಬ್ಬ, ಅಂದುಕೊಂಡಳು.

ಮೂರನೆಯದೂ ಬಿತ್ತು.

“ಬಂದೆ ಅಮ್ಮಿ,” ಅನ್ನುತ್ತಾ ನುಜತ್ ಗ್ಯಾಸ್ ಆರಿಸಿ ಸ್ಕೂಟಿ ಕೀಲಿ ಹುಡುಕಿದಳು.